ಮಾವನವರ ಮೈಮೇಲೆ ನನ್ನ ಕಾರ್ಡಿಗನ್

ಸಿಂಧನೂರು ಸೀಮೆಯಲ್ಲಿ ಚಳಿಯೇ ಎಂದು ಕೇಳಿದವರೆಲ್ಲ ನಗುತ್ತಾರೆ. ನಗಲಿ. ಆ ಚಳಿಗೆ ನಾನು ಒಬ್ಬ ಗೌಡರನ್ನು ಎಷ್ಟು ಬಂದೋಬಸ್ತಾಗಿ ತಯಾರು ಮಾಡಿದ್ದೆನೆಂದರೆ, ಕಾಡುಹಂದಿ ಕೂಡ ನಿಂತು ನೋಡಿ ಹೋಯಿತು.

ನಾನು ಕೆನಾಲ್ ಇಂಜಿನಿಯರರ ಮಗಳು. ಅಪ್ಪ ಇಲ್ಲಿ ಬಿಸಿಲಲ್ಲಿ ನಿಂತು ಕಾಲುವೆ ಅಗೆಸುತ್ತಿದ್ದಾಗ ನಾನು ನೀಲಗಿರಿಯ ಕಾನ್ವೆಂಟೊಂದರಲ್ಲಿ ಮರೂನ್ ಕಾರ್ಡಿಗನ್ ತೊಟ್ಟು ಎಲೊಕ್ಯೂಷನ್ ಕಪ್ ಗೆಲ್ಲುತ್ತಿದ್ದೆ. ಶಾಲೆ ಮುಗಿಸಿ ಬಂದ ವರ್ಷವೇ ಮಸ್ಕಿ ರಸ್ತೆಯ ಹಳ್ಳಿಯೊಂದರ ಗೌಡರ ಮನೆಗೆ ನನ್ನನ್ನು ಕೊಟ್ಟರು. ತವರಿನ ಟ್ರಂಕಿನ ಮುಚ್ಚಳ ತೆಗೆದಾಗ ಅತ್ತೆ ಒಳಗಿದ್ದ ಉಣ್ಣೆ ಬಟ್ಟೆಗಳನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, "ಇವನ್ನ ನಮ್ಮೂರ ಬಿಸಲಾಗ ಒಣಗಿಸಾಕ ತಂದೀಯೇನವಾ?" ಎಂದಿದ್ದರು.

ಆದರೆ ಕಾಲುವೆಗೆ ನೀರು ಬಿಟ್ಟ ಮೇಲೆ ಆ ಸೀಮೆಯ ಬೆಳಗಿನ ಜಾವವೇ ಬದಲಾಗಿತ್ತು. ಮೊದಲು ಜೋಳ ಬೆಳೆಯುತ್ತಿದ್ದ ಒಣ ಎರೆಭೂಮಿಯಲ್ಲಿ ಈಗ ಬತ್ತದ ಗದ್ದೆ, ಗದ್ದೆಯ ತುಂಬ ನೀರು, ನೀರಿನ ಮೇಲೆ ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಬಿಳಿ ಮಂಜು. ಬತ್ತದ ರುಚಿ ಹಂದಿಗಳಿಗೂ ಹತ್ತಿತು. ಮಸ್ಕಿ ಕಡೆಯ ಗುಡ್ಡದಿಂದ ಹಿಂಡಾಗಿ ಇಳಿದು, ಗದ್ದೆಯನ್ನು ನೇಗಿಲು ಹೊಡೆದಂತೆ ಉತ್ತು, ಮೂಡಲ ಕೆಂಪಾಗುವ ಹೊತ್ತಿಗೆ ಮರಳಿ ಹೋಗುತ್ತಿದ್ದವು.

ಮಾವನವರ ಹತ್ತಿರ ಲೈಸನ್ಸ್ ಇದ್ದ ಜೋಡು ನಳಿಗೆಯ ಬಂದೂಕಿತ್ತು. ಮಕ್ಕಳನ್ನು ಎತ್ತಿಕೊಂಡಿದ್ದಕ್ಕಿಂತ ಅದನ್ನು ಎತ್ತಿಕೊಂಡಿದ್ದೇ ಹೆಚ್ಚು ಎಂದು ಅತ್ತೆಯ ದೂರು. ಬಂದೂಕಿನ ಜೊತೆಗೆ ಅವರಿಗೆ ದಮ್ಮೂ ಇತ್ತು. ಹಿಂದಿನ ವರ್ಷ ಶಿಕಾರಿಗೆ ಹೋಗಿ ಬಂದು, ಯುಗಾದಿಯವರೆಗೂ ಉಸಿರು ಎಳೆದಿದ್ದರು. ಹಾಗಾಗಿ ಈ ವರ್ಷ ಅತ್ತೆ ಶರ್ತು ಹಾಕಿದರು.

"ಇಕಾ ನೋಡ್ರಿ. ಹೋಗೋದಾದ್ರ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಬಂದ ಮ್ಯಾಲ ಒಂದ್ಸಲ ಕೆಮ್ಮಿದ್ರೂ ಬಂದೂಕು ಲಿಂಗಸೂಗೂರಿಗೆ ಹೋಗತೈತಿ."

ಲಿಂಗಸೂಗೂರಿನಲ್ಲಿ ಇದ್ದದ್ದು ಅವರ ಅಳಿಯ. ಹಬ್ಬಕ್ಕೆ ಬಂದಾಗಲೆಲ್ಲ ಬಂದೂಕನ್ನು ಗೋಡೆಯಿಂದ ಇಳಿಸಿ, ಒರೆಸಿ, "ನಿಮಗೂ ವಯಸ್ಸಾತು ಮಾವಾರೆ" ಎಂದು ಮಮತೆಯಿಂದ ಹೇಳುವವರು. ಶರ್ತು ಕೇಳಿದ ಮಾವನವರ ಊಟದ ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಬಂದೂಕು ಹೋದರೆ ಅವರಲ್ಲಿ ಇನ್ನೇನು ಉಳಿಯುತ್ತದೆ ಎನ್ನಿಸಿ, ಯಾರೂ ಕೇಳದಿದ್ದರೂ ಬಾಯಿ ಹಾಕಿದೆ.

"ಮಾವಾರೆ, ಚಳಿ ಒಳಗೇ ಬರದಂತೆ ನಾನು ನಿಮಗೆ ಡ್ರೆಸ್ ಮಾಡ್ತೀನಿ. ಇದು ಸೈನ್ಸ್."

ನನ್ನ ಸೈನ್ಸಿನ ಮೂಲ ನಮ್ಮ ಹೈಜೀನ್ ಪಾಠದ ಸಿಸ್ಟರ್. ಒಂದು ದಪ್ಪ ಬಟ್ಟೆಗಿಂತ ಲೇಯರ್‌ಗಳು ಮೇಲು, ಮೈಗಂಟಿದ್ದು ಬೆವರು ಹೀರಬೇಕು, ನಡುವಿನದು ಕಾವು ಹಿಡಿಯಬೇಕು, ಮೇಲಿನದು ಗಾಳಿ ತಡೆಯಬೇಕು ಎಂದು ಹೇಳಿಕೊಟ್ಟಿದ್ದರು. ಆಮೇಲೆ ಇನ್ನೂ ಏನೋ ಹೇಳಿದರು. ಆ ಹೊತ್ತಿನಲ್ಲಿ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ತಯಾರಿ ಶುರುವಾಯಿತು. ನನ್ನ ಗಂಡ ಮಸ್ಕಿ ಸಂತೆಯಿಂದ ಯಾರೋ ಸಿಪಾಯಿ ತೊಟ್ಟು ಬಿಟ್ಟಿದ್ದ ಹಳೆಯ ಓವರ್‌ಕೋಟು ತಂದರು. ಅದನ್ನು ತೊಟ್ಟು ಅಂಗಳದಲ್ಲಿ ನಡೆದಾಗ ನಾಯಿ ಬೊಗಳಿತು. ವೆರಿ ಗುಡ್ ಸೈನ್, ಅಂದೆ. ಉಳಿದದ್ದು ಮಾವನವರ ಶಿಕಾರಿ ಕಂಬಳಿ. ಅದು ಕುರಿಹಟ್ಟಿಯ ಗೂಟಕ್ಕೆ ವರ್ಷವಿಡೀ ನೇತಾಡುವ ಕರಿ ಕಂಬಳಿ. ಕುರಿಗಳೊಂದಿಗೆ ಬದುಕಿ ಅದೂ ಒಂದು ಕುರಿಯಾಗಿತ್ತು. ದಮ್ಮಿನ ಮನುಷ್ಯ ಇದನ್ನು ಹೊದೆಯುವುದೇ? ಹೌ ಅನ್‌ಹೈಜೀನಿಕ್! ಕಾಲುವೆಗೆ ಒಯ್ದು ಅಂಟುವಾಳ ನೊರೆಯಲ್ಲಿ ಹಾಕಿ ತುಳಿದೆ, ಒಣಗಿಸಿದೆ, ಡಾಂಬರ ಗುಳಿಗೆ ಸುರಿದು ಟ್ರಂಕಿನಲ್ಲಿಟ್ಟೆ. ಒಂದು ಮೊಳ ಕುಗ್ಗಿ ಹಲಗೆಯಂತೆ ಸೆಟೆದಿತ್ತು, ಆದರೆ ಸ್ವಚ್ಛವಾಗಿತ್ತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಮೆಚ್ಚಿಗೆಯಾಗಿದೆ ಅಂದುಕೊಂಡೆ.

ಶಿಕಾರಿಯ ದಿನ ನಸುಕಿನಲ್ಲಿ ಪಡಸಾಲೆಯ ನಡುವೆ ಮಾವನವರನ್ನು ನಿಲ್ಲಿಸಿದೆ. ಬನಿಯನ್, ಅದರ ಮೇಲೆ ಅಪ್ಪನ ಫ್ಲಾನೆಲ್ ಅಂಗಿ. ಧೋತರದ ಕೆಳಗೆ ನನ್ನ ಸ್ಕೂಲ್ ಸ್ಟಾಕಿಂಗ್ಸ್. ಮಿಡಲ್ ಲೇಯರ್ ಕಡಿಮೆ ಬಿತ್ತು ಎನ್ನಿಸಿ ಗಂಡನ ಸ್ವೆಟರ್ ಸೇರಿಸಿದೆ. ಇನ್ನೂ ಅನುಮಾನ ಬಂದು ನನ್ನ ಮರೂನ್ ಕಾರ್ಡಿಗನ್ನನ್ನೂ ತೊಡಿಸಿದೆ. ಹೆಣ್ಣುಮಕ್ಕಳ ಅಂಗಿಯಾದ್ದರಿಂದ ಅದರ ಗುಂಡಿ ಎಡಗಡೆಗೆ. ಮಾವನವರ ಕೈ ಬಲಗಡೆ ತಡಕಿ ಸೋತಿತು. ಆಮೇಲೆ ಓವರ್‌ಕೋಟು, ಮಫ್ಲರ್, ರುಮಾಲು, ಎಲ್ಲದರ ಮೇಲೆ ನನ್ನ ಹಲಗೆ ಕಂಬಳಿ.

ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು. "ಮದುವ್ಯಾಗ ಬಾಸಿಂಗ ಕಟ್ಟಿದಾಗ್ಲೂ ಇಷ್ಟು ಹೊತ್ತು ನಿಂತಿದ್ದಿಲ್ರಿ ನೀವು."

"ಸುಮ್ಕಿರs. ಹುಡುಗಿ ಸೈನ್ಸ್ ಮಾಡಾಕತ್ತಾಳ," ಎಂದರು ಮಾವ. ಆಮೇಲೆ ಕುತ್ತಿಗೆ ತಿರುಗದ್ದರಿಂದ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ, "ಯವ್ವಾ, ನೀನೂ ಬಾ. ಈ ಗಂಟು ಕಟ್ಟಿದಾಕಿನೇ ಬಿಚ್ಚಬೇಕು. ನನ್ನ ಕೈಲಿ ಆಗಂಗಿಲ್ಲ," ಎಂದರು.

ಗೌಡರ ಮನೆಯ ಸೊಸೆ ಶಿಕಾರಿಗೆ ಹೋದದ್ದು ಹೀಗೆ, ಗುಂಡಿ ಬಿಚ್ಚುವ ಹುದ್ದೆಯ ಮೇಲೆ.

ಗಂಡ ಗಾಡಿ ಕಟ್ಟಿದರು. ಕಾಲೆತ್ತಿ ಗಾಡಿ ಹತ್ತಲು ಮಾವನವರಿಗೆ ಆಗಲಿಲ್ಲ. ಬತ್ತದ ಚೀಲ ಏರಿಸುವಂತೆ ಹಿಂದಿನಿಂದ ನೂಕಿ ಏರಿಸಿದೆವು. ಗದ್ದೆಯ ದೊಡ್ಡ ಬದುವಿನ ಮೇಲೆ, ಜಾಲಿ ಗಿಡದ ಮರೆಯಲ್ಲಿ ಅವರನ್ನು ಕೂಡಿಸಿ, ಬಂದೂಕು ತೊಡೆಯ ಮೇಲಿಟ್ಟು, ಆಜೂಬಾಜು ನಾವು ಕೂತೆವು. ಮಂಜು ಗದ್ದೆಯ ಮೇಲೆ ಹಾಲಿನ ಕೆನೆಯಂತೆ ನಿಂತಿತ್ತು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಲೇಯರ್‌ಗಳೆಲ್ಲ ಅವರ ಮೈಮೇಲಿದ್ದವಲ್ಲ!

ಸ್ವಲ್ಪ ಹೊತ್ತಿಗೆ ಮಾವ ಪಿಸುಗುಟ್ಟಿದರು. "ಯವ್ವಾ, ಒಳಗ ಬೆವರು ಹರಿಯಾಕತ್ತೈತಿ. ತೂಬು ಎತ್ತಿದಂಗ."

"ದಟ್ಸ್ ದಿ ಮಿಡಲ್ ಲೇಯರ್, ಮಾವಾರೆ. ಕೆಲಸ ಮಾಡ್ತಿದೆ."

"ಲೇ, ಅಪ್ಪ ಒಳಗs ಕುದ್ದು ಹೋಗ್ತಾರ," ಎಂದರು ನನ್ನ ಗಂಡ.

"ಶ್!"

ಬತ್ತ ಅಲ್ಲಾಡಿತು. ದೊಡ್ಡ ಹೆಣ್ಣುಹಂದಿಯೊಂದು, ಅದರ ಹಿಂದೆ ಮರಿಗಳು, ಬದುವಿಗೆ ಹತ್ತಿದವು. ಹಂದಿ ನಿಂತಿತು. ಮೂತಿ ಎತ್ತಿ ಗಾಳಿ ಮೂಸಿತು. ಆ ಸೀಮೆಯಲ್ಲಿ ಶಿಕಾರಿಗೆ ಹೊರಟವನು ಕುರಿಹಟ್ಟಿಯ ಕಂಬಳಿಯನ್ನೇ ಏಕೆ ಹೊದೆಯುತ್ತಾನೆ, ಅದನ್ನು ಯಾರೂ ಯಾಕೆ ಒಗೆಯುವುದಿಲ್ಲ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು. ಕುರಿಯ ವಾಸನೆ ಬಂದರೆ ಹಂದಿ ತನ್ನ ಪಾಡಿಗೆ ಮುಂದೆ ಬರುತ್ತದೆ. ಡಾಂಬರ ಗುಳಿಗೆಯ ವಾಸನೆಯ ಕುರಿಯನ್ನು ಅದು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಮಾವ ಬಂದೂಕು ಎತ್ತಿದರು. ಎತ್ತಿದರು ಅನ್ನುವುದು ನನ್ನ ದಾಕ್ಷಿಣ್ಯ. ಮೊಣಕೈ ಮಡಚಲಿಲ್ಲ. ಹಿಡಿಕೆ ಭುಜಕ್ಕೆ ತಾಗುವ ಮೊದಲು ಓವರ್‌ಕೋಟು, ಕಾರ್ಡಿಗನ್, ಸ್ವೆಟರ್, ಫ್ಲಾನೆಲ್ ಎಲ್ಲ ದಾಟಬೇಕಿತ್ತು. ನಳಿಗೆ ಮೇಲೇರಿ ಬೆಳ್ಳಿಚುಕ್ಕೆಗೆ ಗುರಿಯಿಟ್ಟು ನಿಂತಿತು. ಹಂದಿ ನಮ್ಮನ್ನು ಒಮ್ಮೆ ಪೂರ್ತಿ ನೋಡಿ, ಹೂಂ ಎಂದು, ಮಕ್ಕಳನ್ನು ಕರೆದುಕೊಂಡು ಗುಡ್ಡದ ದಾರಿ ಹಿಡಿಯಿತು. ಓಡಲೂ ಇಲ್ಲ.

"ಬಿಚ್ಚು!" ಎಂದರು ಮಾವ.

ಬಿಚ್ಚಿದೆ. ಕಂಬಳಿ, ಕೋಟು, ಎಡಗಡೆಯ ಗುಂಡಿಗಳು, ಎಲ್ಲ. ಒಳಗಿನ ಬನಿಯನ್ ಹಿಂಡಿದರೆ ನೀರು ಬರುವಂತಿತ್ತು. ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಗಾಳಿ ಬೀಸಿತು. ಸಿಸ್ಟರ್ ಕೊನೆಗೆ ಏನು ಹೇಳಿದ್ದರೆಂದು ಆಗ ನೆನಪಾಯಿತು. ಬೆವರುವ ಮೊದಲೇ ಒಂದು ಲೇಯರ್ ತೆಗೆಯಿರಿ, ಗರ್ಲ್ಸ್.

ಮಾವನವರು ಕೆಮ್ಮಿದರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗೋಡೆಯ ಮೇಲಿನ ಖಾಲಿ ಮೊಳೆ, ಲಿಂಗಸೂಗೂರಿನ ಅಳಿಯನ ನಗು, ಎರಡೂ ಮಂಜಿನಲ್ಲಿ ಸ್ಪಷ್ಟ ಕಂಡವು. ಗಾಡಿಯಲ್ಲಿ ದಾರಿಯುದ್ದಕ್ಕೂ ನನ್ನ ಗಂಡ, "ಅಪ್ಪಾ, ನುಂಗ್ರಿ. ಬಂದ್ರ ನುಂಗ್ರಿ," ಎನ್ನುತ್ತಿದ್ದರು. ಮಾವ ಬಾಯಿ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ಆ ನೀರು ಕೆಮ್ಮಿನದಷ್ಟೇ ಅಲ್ಲ ಅನ್ನಿಸಿ ನಾನು ಎತ್ತುಗಳನ್ನು ನೋಡಿದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಹಂದಿ?"

"ಬಂದಿತ್ತು," ಎಂದರು ನನ್ನ ಗಂಡ. "ನೋಡಿಕೊಂಡು ಹೋತು."

ಮಾವನವರ ಎದೆ ಉಬ್ಬಿತು. ಕೆಮ್ಮು ಬರುತ್ತಿದೆ ಎಂದು ಗೊತ್ತಾಯಿತು. ಎಲೊಕ್ಯೂಷನ್ ಕಪ್ ಗೆದ್ದವಳು ನಾನು. ನಾಟಕದಲ್ಲಿ ಸಾಯುತ್ತಿರುವ ರಾಣಿಯ ಪಾರ್ಟೂ ಮಾಡಿದ್ದೆ. ಅವರ ಕೆಮ್ಮು ಹೊರಬಿದ್ದ ಅದೇ ಗಳಿಗೆಗೆ ನಾನೂ ಕೆಮ್ಮಿದೆ. ಜೋರಾಗಿ, ಕಂಬ ಹಿಡಿದು, ಬಗ್ಗಿ. ಅವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು.

ಅತ್ತೆ ಇಬ್ಬರನ್ನೂ ನೋಡಿದರು.

"ಥಂಡಿ ಊರಾಗ ಓದಿದಾಕಿ. ನಿನಗs ಕೆಮ್ಮು ಹತ್ತೈತೇನು?"

"ಹೌದ್ರಿ ಅತ್ತಿ."

"ಅವರಿಗೆ ಇಲ್ಲ?"

"ಇಲ್ರಿ. ಲೇಯರ್ ಇದ್ವಲ್ರಿ."

ಅವರು ಒಳಗೆ ಹೋಗಿ ಮೆಣಸಿನ ಕಷಾಯ ಕುದಿಸಿ ಎರಡು ಲೋಟ ತಂದರು. ನನ್ನ ಲೋಟದಲ್ಲಿ ಬೆಲ್ಲವಿರಲಿಲ್ಲ. ಮಾವನವರ ಎದೆ ಹಗುರಾಗುವವರೆಗೂ ದಿನಾ ನನಗೂ ಒಂದು ಲೋಟ. ನೆಟ್ಟಗಿದ್ದ ಗಂಟಲು ಉರಿದು ಕಡೆಗೆ ನಿಜವಾಗಿಯೇ ಕೆಮ್ಮು ಬಂತು. ಬಂದೂಕಿನ ಮಾತನ್ನು ಮಾತ್ರ ಅತ್ತೆ ಎತ್ತಲಿಲ್ಲ. ಒಂದು ಮಧ್ಯಾಹ್ನ ನನ್ನ ಟ್ರಂಕಿನಿಂದ ಕಂಬಳಿ ತೆಗೆದು, ಜಾಡಿಸಿ, ಕುರಿಹಟ್ಟಿಯ ಗೂಟಕ್ಕೆ ಹಾಕಿ ಬಂದರು. "ಇದು ಮತ್ತ ಕುರಿ ಆಗಾಕ ಒಂದು ವರ್ಷ ಬೇಕು," ಎಂದರಷ್ಟೆ.

ಮರು ವರ್ಷ ಸಂಕ್ರಾಂತಿಯ ಹೊತ್ತಿಗೆ ಮಾವ ನನ್ನ ಕೋಣೆಯ ಬಾಗಿಲ ಹೊರಗೆ ನಿಂತು ಗಂಟಲು ಸರಿಮಾಡಿಕೊಂಡರು. "ಯವ್ವಾ, ಆ ಕೆಂಪಂದು ಐತೇನು? ಎಡಗಡೆ ಗುಂಡೀದು? ಕಂಬಳಿ ಒಳಗ ಅದೊಂದs ಸಾಕು. ಭಾಳ ಹಿತ ಇತ್ತು."

ಕೊಟ್ಟೆ. ಆಮೇಲೆ ಅದನ್ನು ನಾನು ವಾಪಸು ಕೇಳಲಿಲ್ಲ, ಅವರೂ ಕೊಡಲಿಲ್ಲ. ಅವರು ತೀರಿಹೋದ ಮೇಲೆ ಅದು ಮೊಣಕೈಯಲ್ಲಿ ತೂತು ಬಿದ್ದು, ಕುರಿ ವಾಸನೆ ಹೊಡೆಯುತ್ತ ನನ್ನ ಟ್ರಂಕಿಗೆ ಮರಳಿತು. ಅಲ್ಲಿ ನಾನು ಡಾಂಬರ ಗುಳಿಗೆ ಇಟ್ಟಿಲ್ಲ.

ಕಾರ್ಡಿಗನ್ ಕೇಳಿ ಪಡೆದ ಆ ವರ್ಷ ಅವರು ಅದರ ಮೇಲೆ ಕಂಬಳಿ ಹೊದ್ದು, ಕೈಕಾಲು ಸಲೀಸಾಗಿ ಆಡಿಸುತ್ತ ಶಿಕಾರಿಗೆ ಹೋದರು. ಬಿಸಿಲೇರುವ ಹೊತ್ತಿಗೆ ಬರಿಗೈಲಿ ಬಂದರು. ಹಂದಿ ಎದುರಿಗೇ ಬಂದಿತ್ತಂತೆ, ಗುಂಡು ಜಾಲಿ ಗಿಡಕ್ಕೆ ತಗುಲಿತ್ತಂತೆ.

"ಬೆವರು?" ಎಂದರು ಅತ್ತೆ.

"ಇರ್ಲಿಲ್ಲ."

"ಥಂಡಿ?"

"ಇರ್ಲಿಲ್ಲ."

"ಕೈ ಮಡಚಿತ್ತು?"

"ಮಡಚಿತ್ತು."

"ಹಂಗಾರ ಗುರಿ ತಪ್ಪಿದ್ದು ಯಾವ ಲೇಯರಿನಿಂದ?"

ಮಾವ ನನ್ನ ಕಡೆ ನೋಡಿದರು. ನಾನು ಕೆಮ್ಮಿದೆ.