ತೊಳೆಯದ ತಟ್ಟೆಗಳು

ಇದನ್ನು ಹೇಳಬೇಕೆಂದುಕೊಂಡು ಆರು ವರ್ಷ ಮುಂದೂಡಿದ್ದೇನೆ. ಈ ರೇಷ್ಮೆ ಬೆಳೆ ಮುಗಿಯಲಿ ಎನ್ನುವಷ್ಟರಲ್ಲಿ ಇನ್ನೊಂದು ಬೆಳೆಯ ಹುಳು ಮನೆಗೆ ಬಂದಿರುತ್ತದೆ.

ನಾನು ಹತ್ತನೇ ತರಗತಿವರೆಗೆ ಓದಿದವನು. ವಿಜಯಪುರದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕಿಕೊಂಡು ಬದುಕಿದವನು. ಮಗಳಿಗೆ ಮೆಡಿಕಲ್ ಸೀಟು ಸಿಕ್ಕಾಗ ಊರೆಲ್ಲ ಅವಳನ್ನು ಡಾಕ್ಟ್ರಮ್ಮ ಎಂದಿತು. ಮೂರನೇ ವರ್ಷದಲ್ಲಿ ಅವಳು ಅದನ್ನು ಬಿಟ್ಟು ರೇಷ್ಮೆ ವಿಜ್ಞಾನಕ್ಕೆ ಸೇರಿದಳು. "ಅಪ್ಪ, ಚಿಕ್ಕಂದಿನಿಂದ ನಾನು ನೋಡಿರೋ ರೋಗ ಇವೇ," ಎಂದಳು. ನಾನು ಇದನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಆ ಚಳಿಗಾಲ ರಜೆಗೆ ಬಂದವಳು, ಗೂಡು ಬಿಡಿಸಿ ಖಾಲಿಯಾಗಿದ್ದ ನನ್ನ ಹುಳುಮನೆಯ ತಟ್ಟೆಯೊಂದರಿಂದ ಸತ್ತ ಹುಳುವನ್ನು ಎತ್ತಿಕೊಂಡು ಬಂದಳು. ಸೀಮೆಸುಣ್ಣದಂತೆ ಬಿಳಿ, ಗಟ್ಟಿ.

"ಇದು ಸುಣ್ಣಕಟ್ಟು ರೋಗ. ತಟ್ಟೆಗಳನ್ನ ಔಷಧಿ ಹಾಕಿ ತೊಳೆದು ಒಣಗಿಸೋವರೆಗೂ ಯಾರಿಗೂ ಕೊಡ್ಬೇಡಪ್ಪ."

"ಮನುಷ್ಯರ ಡಾಕ್ಟ್ರಾಗು ಅಂತ ಕಳಿಸಿದ್ರೆ ಹುಳದ ಡಾಕ್ಟ್ರಾಗಿ ಬಂದಿದೀಯ. ನಂಗೆ ಹೇಳ್ಕೊಡ್ಬೇಡ ಕಣಮ್ಮ."

ಮರುದಿನ ಪಕ್ಕದ ಮನೆಯ ನನ್ನ ಚಿಕ್ಕಪ್ಪನ ಮಗ ಬಂದ. ಹುಳು ದೊಡ್ಡದಾಗಿ ಜಾಗ ಸಾಲದಾದಾಗ ಒಬ್ಬರ ಬಿದಿರು ತಟ್ಟೆಗಳನ್ನು ಇನ್ನೊಬ್ಬರು ಒಯ್ಯುವುದು ನಮ್ಮಲ್ಲಿ ವಾಡಿಕೆ. "ಅಣ್ಣ, ಹತ್ತು ತಟ್ಟೆ ಕೊಡು," ಎಂದ. ಒಳಗಿನಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕೇ ಹಟ ಬಂತು. ತೊಳೆಯದ ತಟ್ಟೆಗಳನ್ನೇ ಹೊರಿಸಿ ಕಳಿಸಿದೆ.

ಅವಳು ಹಿಂದೆಯೇ ಅವನ ಹುಳುಮನೆಯೊಳಕ್ಕೆ ಹೋಗಿ ತಡೆಯಲು ನೋಡಿದಳು. ಅವನು ನಕ್ಕ. "ನಿಮ್ಮಪ್ಪನ ತಟ್ಟೆ ಕಣವ್ವ, ಆಸ್ಪತ್ರೇದಲ್ಲ."

ಆರನೇ ದಿನ, ಗೋಡೆಯಾಚೆಯಿಂದ ಸದಾ ಕೇಳುತ್ತಿದ್ದ ಸೊಪ್ಪು ಮೇಯುವ ಸದ್ದು ನಿಂತಿತ್ತು. ಹೋಗಿ ನೋಡಿದರೆ ತಟ್ಟೆ ತುಂಬ ಸತ್ತು ಬೆಳ್ಳಗೆ ಗಟ್ಟಿಯಾದ ಹುಳುಗಳು.

"ಏನಾಯ್ತಣ್ಣ ಇದು?" ಎಂದು ಅವನು ಕೇಳಿದಾಗ ಸುತ್ತ ಜನ ನಿಂತಿದ್ದರು. ಸಾವಿನ ಮನೆಗೆ ಹೋದವರು ಸ್ನಾನ ಮಾಡದೆ ಹುಳುಮನೆಗೆ ಕಾಲಿಡಬಾರದೆಂಬುದು ನಮ್ಮ ಕಟ್ಟಲೆ. ನಾನು ಅದನ್ನೇ ಹಿಡಿದುಕೊಂಡೆ.

"ಡಾಕ್ಟ್ರು ಓದ್ತಾ ಹೆಣ ಕುಯ್ದ ಕೈ ಇವಳ್ದು. ಅವತ್ತು ಒಳಗೆ ಬಂದಿದ್ಲಲ್ಲ."

ಮಗಳು ಬಾಗಿಲಲ್ಲೇ ಇದ್ದಳು.

ಈಗ ಬೇರೆ ಊರುಗಳವರು ಹುಳುವಿಗೆ ರೋಗ ಬಂದರೆ ಅವಳನ್ನೇ ಕರೆಸುತ್ತಾರೆ. ಅವಳು ನಮ್ಮೂರಿಗೆ ಬಂದಾಗ ಮಾತ್ರ ಹುಳುಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಅವಳು ಬರುವುದನ್ನೇ ಬಿಟ್ಟಳು. ಹೋದ ವರ್ಷ ಚಿಕ್ಕಪ್ಪನ ಮಗನ ಕೈ ಹಿಡಿದು ತಪ್ಪೊಪ್ಪಿಕೊಂಡೆ. "ಹೋಗ್ಲಿ ಬಿಡಣ್ಣ," ಎಂದ. ಊರಿಗೆ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ನನ್ನ ತಟ್ಟೆಯಲ್ಲಿ ಮತ್ತೆ ಒಂದು ಬಿಳಿ ಹುಳು ಸಿಕ್ಕಿತು. ಹೋದ ವಾರವಷ್ಟೇ ನಮ್ಮ ತಟ್ಟೆಗಳು ಮೂರು ಮನೆಗೆ ಹೋಗಿವೆ. ಮುಂದೇನು ಮಾಡಬೇಕೆಂದು ಬಲ್ಲವಳಿಗೆ ಕರೆ ಮಾಡಲು ಫೋನ್ ಹಿಡಿದು ಕೂತಿದ್ದೇನೆ. ಮೊದಲ ಮಾತು ಹುಳುವಿನದಾಗಬಾರದು. ಯಾರ ಕ್ಷಮೆಯನ್ನು ನಾನು ಇಂದಿಗೂ ಕೇಳಿಲ್ಲವೋ, ಅವಳು ನನ್ನ ಮಗಳು.