ಮುಟ್ಟದ ಆನೆ

ಚೆಸ್ ಆಡಲು ಕೂತರೆ ಅಕ್ಕ ಮಂಜುಳ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದಳು. ಮುಟ್ಟಿದ ಕಾಯಿಯನ್ನು ಆಡಲೇಬೇಕು. ಕೈ ಹೊರಗಿದ್ದರೆ ತಲೆಗಿಂತ ಮೊದಲು ಅದೇ ಆಡಿಬಿಡುತ್ತದೆ ಎನ್ನುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬಾಗಲೂರಿನ ನಮ್ಮ ಜಗಲಿಯಲ್ಲಿ ಆಟ ಕಲಿಸಿದವಳೂ ಅವಳೇ. ಪುಕ್ಕಟೆ ಕಂಡ ಕಾಯಿಯನ್ನೆಲ್ಲ ಹೊಡೆದು ನಾನು ಸೋಲುತ್ತಿದ್ದೆ.

“ನಿನ್ ಆಟ ಆಮೇಲೆ ನೋಡೋ. ಎದುರಿನೋನು ಯಾಕೆ ಅಲ್ಲಿಟ್ಟ ಅಂತ ಮೊದ್ಲು ಕೇಳ್ಕೊ” ಎಂದು ಗದರುತ್ತಿದ್ದಳು. ನಾನು ಕೇಳಿಕೊಳ್ಳಲಿಲ್ಲ.

ಅವಳ ಪಿಯುಸಿ ಮುಗಿದ ವರ್ಷ ಮಾಕಳಿಯಿಂದ ಸಂಬಂಧ ಬಂತು. ವಿದ್ಯಾರಣ್ಯಪುರದ ಟೂರ್ನಮೆಂಟ್ ಗೆದ್ದು ರಾಜ್ಯ ತಂಡಕ್ಕೆ ಹೋದರೆ ಮದುವೆ ಮುಂದಕ್ಕೆ, ಕಾಲೇಜಿಗೂ ಕಳಿಸುತ್ತೇನೆ ಎಂದು ಅಪ್ಪ ಒಪ್ಪಿದ್ದ. ಅವಳ ಜೊತೆಗೆ ಹೋದವನು ನಾನು.

ಕೊನೆಯ ಆಟದಲ್ಲಿ ಎದುರಿನ ಹುಡುಗ ತನ್ನ ಆನೆಯನ್ನು ಅಕ್ಕನ ಕುದುರೆಯ ಬಾಯಿಗೆ ತಂದಿಟ್ಟ. ಅಕ್ಕ ತೊಡೆಯಡಿಯಿಂದ ಕೈ ತೆಗೆಯಲೇ ಇಲ್ಲ. ಗಡಿಯಾರ ಓಡುತ್ತಿತ್ತು. ಇವಳಿಗೆ ಕಾಣಿಸಿಲ್ಲ ಎಂದುಕೊಂಡು, ಹಗ್ಗದ ಆಚೆ ನಿಂತಿದ್ದ ನಾನು “ಅಕ್ಕಾ, ಆನೆ ಹೊಡಿ” ಎಂದುಬಿಟ್ಟೆ. ಹುಡುಗ ದೂರು ಕೊಟ್ಟ. ಹೊರಗಿನವರಿಂದ ಹೇಳಿಸಿಕೊಂಡಳೆಂದು ಆಟ ಅವನ ಪಾಲಾಯಿತು.

ಬಸ್ಸಿನಲ್ಲಿ ಅವಳು ಬೈಯಲಿಲ್ಲ. “ಅದು ಗಾಳ ಕಣೋ. ಹೊಡ್ದಿದ್ರೆ ಎರಡೇ ನಡೆಗೆ ನನ್ ರಾಜ ಹೋಗ್ತಿದ್ದ” ಎಂದಳು, ಅಷ್ಟೇ.

ಮನೆಯಲ್ಲಿ ಅಪ್ಪ ನನ್ನನ್ನು ಕೇಳಿದ, “ಎಂಗ್ಲಾ ಸೋತ್ಲು?”

ಹೇಳಬೇಕಾದವನು ನಾನೆಂದು ಅಕ್ಕ ನನ್ನ ಮುಖ ನೋಡುತ್ತ ಕಾದಳು. ಮೀಸೆ ಬಂದಿದ್ದ ಗಂಡಸು, ಬೈಗುಳಕ್ಕೆ ಹೆದರಿದೆ.

“ಆನೆ ಆಸೆಗೆ ಬಿದ್ಲು.”

ಅವಳು ಎದ್ದು ಒಳಗೆ ಹೋದಳು. ಅಪ್ಪ ಮಾಕಳಿಗೆ ಫೋನ್ ಮಾಡಿದ.

ಮದುವೆಯಾದ ಮೇಲೆ ಅವಳು ಬೋರ್ಡ್ ಮುಟ್ಟಲಿಲ್ಲ. ಹೋದ ವರ್ಷ ಕಾಮಾಲೆಯಾಗಿ ಮಲಗಿದ್ದಾಗ ನೋಡಲು ಹೋದೆ. ಆ ದಿನದ ಮಾತನ್ನು ನಾನೇ ಎತ್ತಿದೆ. ಅವಳು ಗೋಡೆಯ ಕಡೆ ಹೊರಳಿಕೊಂಡು ಹೇಳಿದಳು.

“ಆ ಹುಡುಗ ಮುಂದೆ ಏನಾಡ್ತಾನೆ ಅಂತ ನಂಗೆ ಪೂರ್ತಿ ಕಾಣ್ತಿತ್ತು. ಅಪ್ಪನ್ ಮುಂದೆ ನೀನು ಹಂಗಂತೀಯ ಅಂತ ಮಾತ್ರ ಕಾಣ್ಲಿಲ್ಲ.”

ಮುಂದಿನ ಸಲ ನಾನು ಮಾಕಳಿಗೆ ಹೋದದ್ದು ಅವಳ ಮಣ್ಣಿಗೆ.

ಮೊನ್ನೆ ಅವಳ ತಿಥಿ. ಪಂಕ್ತಿಯಲ್ಲಿ ಕೂತ ಅಪ್ಪ ಪಕ್ಕದವರಿಗೆ ಹೇಳುತ್ತಿದ್ದ: ಬುದ್ಧಿವಂತೆ, ಆದರೆ ಆಸೆಬುರುಕಿ, ಒಂದು ಆನೆಗೆ ಕೈ ಹಾಕಿ ಎಲ್ಲಾ ಕಳೆದುಕೊಂಡಳು.

ನಾನು ಅವನ ಎಲೆಗೆ ಸಾರು ಬಡಿಸಿ, ಬಕೆಟ್ ಹಿಡಿದು ಮುಂದಿನ ಎಲೆಗೆ ಹೋದೆ.