ವಿಶ್ವದ ಹಿಂದೆ ಏನಿದೆ ಎಂದು ಕೇಳಿದ ತರಗತಿ

ಶಿಕ್ಷೆ ಅನುಭವಿಸುತ್ತಿರುವವರು ಒಂಬತ್ತನೆಯ ತರಗತಿಯ ಹುಡುಗಿಯರು. ಅವರಿಗೆ ವಿಜ್ಞಾನ ಕಲಿಸುತ್ತಿದ್ದ ಶಿಕ್ಷಕಿಯನ್ನು, ಅವರ ಅಕ್ಕೋರನ್ನು, ಮುಂಡರಗಿಯ ನಮ್ಮ ಶಾಲೆ ಹೊರಹಾಕಿದೆ.

ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಸುವ ನನಗೆ ಅಕ್ಕೋರ ‘ಅದರ ಹಿಂದ ಏನೈತಿ?’ ಎಂಬ ಪ್ರಶ್ನೆ ದಿನವೂ ಕೇಳಿಸುತ್ತಿತ್ತು. ಬುತ್ತಿಯ ರೊಟ್ಟಿಯನ್ನು ಎತ್ತಿ ಹಿಡಿದು, ಅದರ ಶಕ್ತಿಯ ಮೂಲವನ್ನು ಜೋಳದಲ್ಲಿ, ಸೂರ್ಯನಲ್ಲಿ, ಕೊನೆಗೆ ವಿಶ್ವದ ಹುಟ್ಟಿನಲ್ಲಿ ಹುಡುಕಿಸುತ್ತಿದ್ದರು.

‘ಅದರ ಹಿಂದ ಏನೈತ್ರಿ ಅಕ್ಕೋರ?’ ಒಂದು ದಿನ ಒಬ್ಬ ಹುಡುಗಿ ತಿರುಗಿ ಕೇಳಿದಳು.

‘ನನಗ ಗೊತ್ತಿಲ್ಲವ್ವಾ. ಖರೆ ಹೇಳಬೇಕಂದ್ರ, ಇನ್ನೂ ಯಾರಿಗೂ ಗೊತ್ತಿಲ್ಲ. ನೀನ ಹುಡುಕು,’ ಎಂದು ನಕ್ಕರು.

ಬಾಗಿಲಲ್ಲಿ ನಿಂತಿದ್ದ ಆಡಳಿತ ಮಂಡಳಿಯ ಅಧ್ಯಕ್ಷರು, ‘ಗೊತ್ತಿಲ್ಲದಾಕಿಗೆ ಪಗಾರ ಯಾಕ್ರಿ?’ ಎಂದರು. ಮರುದಿನವೇ ಅಕ್ಕೋರ ಕೆಲಸ ಹೋಯಿತು.

ಈಗ ಹುಡುಗಿಯರು ಕೈ ಎತ್ತುವ ಮುನ್ನ ಬಾಗಿಲ ಕಡೆ ನೋಡುತ್ತಾರೆ. ನನ್ನ ಆತಂಕ ಅದೇ. ಅಧ್ಯಕ್ಷರೇ, ಪ್ರಾಮಾಣಿಕ ಉತ್ತರವನ್ನು ಅಪರಾಧವಾಗಿಸಿದ ಆದೇಶವನ್ನು ಹಿಂಪಡೆಯಿರಿ. ಸೋಮವಾರದ ಮೊದಲ ಪಾಠಕ್ಕೆ ಅಕ್ಕೋರನ್ನು ಅದೇ ತರಗತಿಗೆ ನೀವೇ ಕರೆತನ್ನಿ.